ಶಕು ಜೋಡಿಸಿಕೊಟ್ಟ ಮುಖಪುಟ

ಮೊನ್ನೆ ಬೆಳಿಗ್ಗೆ ಚಹಾ ಹಿಡಿದು ಲ್ಯಾಪ್‌ಟಾಪ್ ತೆರೆದರೆ, ಬ್ರೌಸರ್ ಯಾರದೋ ಮನೆಯ ಹಾಗೆ ಕಂಡಿತು. ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿಬಿಟ್ಟಿತ್ತು. ಹಳೆಯ ಮುಖಪುಟದಲ್ಲಿ ಚೌಕಗಳ ಸಾಲಿತ್ತು: ಒಂದನ್ನು ಒತ್ತಿದರೆ ಪತ್ರಿಕೆ, ಇನ್ನೊಂದನ್ನು ಒತ್ತಿದರೆ ಕರೆಂಟ್ ಬಿಲ್ಲು, ಕೊನೆಯದನ್ನು ಒತ್ತಿದರೆ ಪದಬಂಧ. ಈಗ ಅವೆಲ್ಲ ಹೋಗಿ ಯಾವಳೋ ನಟಿಯ ಮದುವೆಯ ಸುದ್ದಿ ಹರಡಿಕೊಂಡಿತ್ತು. ನೀವು ನಗಬಹುದು, ಆದರೆ ಜನ್ಮವಿಡೀ ಕಚೇರಿಯಲ್ಲಿ ಕಡತ ಹುಡುಕಿಕೊಟ್ಟ ನನಗೆ, ದಿನಾ ಬಿಡಿಸುವ ಪದಬಂಧ ಯಾವ ವಿಳಾಸದಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಚೌಕ ಗೊತ್ತಿತ್ತು, ಅಷ್ಟೆ.

ಚೌಕಗಳನ್ನು ಜೋಡಿಸಿದವಳು ಶಕು. ರಾಯಚೂರಿನವಳು, ನನ್ನದೇ ಕಚೇರಿ. ದಿಲ್‌ಸುಖ್‌ನಗರದ ಈ ಮಹಡಿ ಮನೆಯಲ್ಲಿ ನಾವಿಬ್ಬರೂ ಬಾಡಿಗೆಗಿದ್ದು, ಮದುವೆಯ ಮಾತೆತ್ತಿದವರನ್ನೆಲ್ಲ ಚಹಾ ಕುಡಿಸಿ ಕಳಿಸುತ್ತ, ಇಬ್ಬರ ತಲೆಯೂ ನರೆತಿತ್ತು. ಬೆಳಿಗ್ಗೆ ಅವಳು ಒಗ್ಗರಣೆ ಹಾಕುತ್ತ ಪದಬಂಧದ ಸುಳುಹು ಓದಿಸಿಕೊಳ್ಳುವಳು. ನಾನು ಯೋಚಿಸುವುದರೊಳಗೆ ಉತ್ತರ ಹೇಳಿಬಿಡುವಳು. ನನಗೆ ಸಿಟ್ಟು. "ನಿಧಾನಕ್ಕ ಹೇಳಬಾರದೇನ?" ಎಂದರೆ, "ಅವಲಕ್ಕಿ ಹೊತ್ತತೈತವಾ!" ಎನ್ನುವಳು.

ನಿವೃತ್ತಿಯಾದ ಮೇಲೆ ಆ ಶಕು ಲಾತೂರಿನ ವಿಧುರರೊಬ್ಬರನ್ನು ಮದುವೆಯಾಗಿ ಹೋದಳು. ಒಳ್ಳೆಯ ಮನುಷ್ಯ, ದೂರಲು ಏನೂ ಇಲ್ಲ, ಅದೇ ಕಷ್ಟ. ಲ್ಯಾಪ್‌ಟಾಪ್ ನನಗೇ ಬಿಟ್ಟಳು. ಮೊದಮೊದಲು ದಿನಾ ಫೋನು, ಆಮೇಲೆ ಹಬ್ಬಕ್ಕೆ, ಆಮೇಲೆ ಹಬ್ಬದ ಚಿತ್ರ ಮಾತ್ರ.

ಮೆಟ್ರೊ ಕೆಳಗಿನ ಕಂಪ್ಯೂಟರ್ ಅಂಗಡಿಗೆ ಹೋದೆ. "ಹೊಸದೇ ಚೆನ್ನಾಗಿದೆ ಅಮ್ಮಾ, ಅಭ್ಯಾಸವಾಗುತ್ತದೆ" ಎಂದು ಅಂಗಡಿಯವನು ತೆಲುಗಿನಲ್ಲಿ ಸಮಾಧಾನ ಹೇಳಿದ. ಶಕು ಹೋದಾಗಲೂ ಎಲ್ಲರೂ ಅದನ್ನೇ ಹೇಳಿದ್ದರು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದವಳೇ ಲಾತೂರಿಗೆ ಫೋನು ಮಾಡಿದೆ.

"ಯಾಕವಾ, ಆರಾಮ ಅದಿ ಇಲ್ಲ?" ಅವಳ ದನಿಯಲ್ಲಿ ಗಾಬರಿ.

"ಪದಬಂಧ ಕಳದೈತಿ."

ಶಕು ಜೋರಾಗಿ ನಕ್ಕಳು. ಆ ನಗೆ ಕೇಳಿ ಎಷ್ಟು ಕಾಲವಾಗಿತ್ತು!

"ಬಲಕ್ಕ, ಕೆಳಗ, ಪೆನ್ಸಿಲ್ ಗುರುತು ಐತೇನು ನೋಡು. ಒತ್ತು. ಶಾರ್ಟ್‌ಕಟ್ ತೋರಿಸು ಅಂತ ಬಂತಿಲ್ಲ? ಅದನ್ನ ಚಾಲೂ ಮಾಡು. ಸುದ್ದೀದು ಬಂದ್ ಮಾಡು."

ಒತ್ತಿದೆ. ನಟಿ ಮಾಯವಾದಳು. ಚೌಕಗಳು ಒಂದೂ ಬಿಡದೆ ಹಳೆಯ ಜಾಗದಲ್ಲಿ ಬಂದು ಕೂತವು.

"ಬಂದವು ಶಕು!"

"ಎಲ್ಲಿ ಹೋಗಿದ್ವು? ಮುಚ್ಚಿಟ್ಟಿದ್ರು, ಅಷ್ಟ. ಇನ್ನೊಮ್ಮೆ ಕೆಟ್ಟರ ಫೋನ್ ಮಾಡು." ಒಳಗಿನಿಂದ ಯಾರೋ ಅವಳನ್ನು ಮರಾಠಿಯಲ್ಲಿ ಕರೆದರು. ಫೋನಿಟ್ಟಳು.

ಆ ದಿನದ ಪದಬಂಧ ಬಿಡಿಸಲು ಕೂತೆ. ಉತ್ತರಗಳು ಹೊಳೆದವು, ಅವಸರ ಮಾಡುವವರು ಯಾರೂ ಇರಲಿಲ್ಲ. ಪದಬಂಧ ಮುಗಿದಾಗ, ಕಳೆದುಹೋದದ್ದು ಸಿಕ್ಕ ಸಂತೋಷ ಎಲ್ಲಿ ಎಂದು ನನ್ನನ್ನೇ ಕೇಳಿಕೊಂಡೆ.

ಇವತ್ತು ಬೆಳಿಗ್ಗೆ ಎಲ್ಲ ಚೌಕಗಳೂ ಸರಿಯಾಗಿಯೇ ಇದ್ದವು. ಒತ್ತಿ ಒತ್ತಿ ನೋಡಿದೆ; ಯಾವುದೂ ಕೆಟ್ಟಿರಲಿಲ್ಲ. ಆಮೇಲೆ ಫೋನು ಕೈಗೆತ್ತಿಕೊಂಡೆ.

"ಮತ್ತ ಹೋದವೇನು?"

"ಇಲ್ಲ, ಎಲ್ಲ ಛಲೋ ಐತಿ. ಸುಮ್ಮನ ಮಾಡೀನಿ."

ಮಾಡಬಾರದಿತ್ತೇನೋ ಅಂದುಕೊಳ್ಳುವಷ್ಟರಲ್ಲಿ ಶಕು ಮೆಲ್ಲಗೆ ಹೇಳಿದಳು: "ತಡಿ, ಗ್ಯಾಸ್ ಆರಿಸಿ ಬರ್ತೀನಿ. ಇಡಬ್ಯಾಡ ಮತ್ತ."

ನಾನು ಇಡಲಿಲ್ಲ. ಲಾತೂರಿನ ಅಡುಗೆಮನೆಯಲ್ಲಿ ಪಾತ್ರೆಯೊಂದನ್ನು ಕೆಳಗಿಳಿಸಿದ ಸದ್ದು, ಕುರ್ಚಿ ಎಳೆದ ಸದ್ದು ಕೇಳುತ್ತ ಕೂತೆ.