ಮಂಗಳ ಹಾಡದ ಒಪೆರಾ

ಹಾಡು ಮುಗಿಯಿತು. ದೀಪ ಆರಿ ಮತ್ತೆ ಹತ್ತಿತು. ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಒಬ್ಬರೂ ಏಳಲೂ ಇಲ್ಲ.

ಕಳೆದ ಭಾನುವಾರ, ಶಿಕಾರಿಪುರ. ಹಳಗನ್ನಡದ ಒಂದು ಕಾವ್ಯವನ್ನು ಒಪೆರಾ ಮಾಡಿದ್ದರು. ಒಪೆರಾದಲ್ಲಿ ಮಾತೇ ಇಲ್ಲ, ಜಗಳವನ್ನೂ ಹಾಡಿಯೇ ಆಡಬೇಕು. (ನಮ್ಮ ಮನೆಯಲ್ಲೂ ಹಾಗಿದ್ದರೆ ಅಕ್ಕಪಕ್ಕದವರಿಗೆ ಎಷ್ಟು ಚೆಂದ!) ಯುದ್ಧದಲ್ಲಿ ಮಗ ಸಾಯುತ್ತಾನೆ, ತಾಯಿ ಹೆಣದ ಮುಂದೆ ಹಾಡುತ್ತಾಳೆ, ಅಲ್ಲಿಗೆ ಮುಗಿಯಿತು. ತಾಯಿಯ ಪಾರ್ಟು ನನ್ನ ಮೊಮ್ಮಗಳು ಸುಧಾಳದ್ದು.

ಅವಳಪ್ಪ, ಅಂದರೆ ನನ್ನ ಮಗ, ಮೊದಲೇ ಹೇಳಿಬಿಟ್ಟಿದ್ದ: "ಜನ ಮೆಚ್ಚಿದ್ರೆ ಆನವಟ್ಟಿ ಶೋಗೂ ಹೋಗು. ಇಲ್ಲಾಂದ್ರೆ ಹಾಡು ಬಿಟ್ಟು ಬಿ.ಎಡ್. ಸೇರ್ಕೋ."

ಈಗ ನೋಡಿದರೆ ಜನ ಕಲ್ಲಿನಂತೆ ಕೂತಿದ್ದಾರೆ. ಮಗ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

ಪಕ್ಕದಲ್ಲಿದ್ದ ತಾಳಗುಂದದ ಗಂಗಮ್ಮ ನನ್ನನ್ನು ತಿವಿದಳು. "ಮಂಗಳ ಯಾವಾಗ ಹಾಡ್ತಾರ್ರೀ? ನಂಗ ಬಸ್ಸಿಗೆ ಹೊತ್ತಾತು."

ಓಹೋ! ಇದೋ ವಿಷಯ!

ನಮ್ಮ ಕಡೆ ಜಗುಲಿಯ ಮೇಲೆ ಕಾವ್ಯ ಓದಿಸುವಾಗ, ಸಾವಿನ ಪದ್ಯಕ್ಕೇ ಪುಸ್ತಕ ಮಡಚುವಂತಿಲ್ಲ. ಮಂಗಳ ಹಾಡಿದ ಮೇಲೇ ಏಳಬೇಕು. ನಡುವೆ ಎದ್ದು ಹೋದರೆ ಆ ಸಾವನ್ನು ಮನೆಗೆ ಕರೆದುಕೊಂಡು ಹೋದ ಹಾಗೆ. ಹಾಗಾಗಿ ಇಡೀ ಹಾಲ್ ಕಾಯುತ್ತಿತ್ತು!

ಸ್ಟೇಜಿನ ಹಿಂದಕ್ಕೆ ಹೋದೆ. ಡೈರೆಕ್ಟರ್ ಹುಡುಗ ಖುಷಿಯಲ್ಲಿದ್ದ. "ಎಂಥಾ ಮೌನ ನೋಡಿ ಅಜ್ಜಿ! ಜನ ಕರಗಿಹೋಗಿದಾರೆ."

"ಕರಗಿಲ್ಲಪ್ಪ, ಮಂಗಳಕ್ಕೆ ಕಾಯ್ತಿದಾರೆ."

"ಮಂಗಳನಾ? ಇದು ಟ್ರ್ಯಾಜಿಡಿ ಅಜ್ಜಿ! ದುಃಖನ ಜನ ಮನೆಗೆ ತಗೊಂಡ್ ಹೋಗ್ಬೇಕು."

"ಅದಕ್ಕೇ ಅವ್ರು ಏಳ್ತಿಲ್ಲ."

ಮೂಲೆಯಲ್ಲಿ ಸುಧಾ ಅಳುತ್ತಿದ್ದಳು. "ಹಂಗಾದ್ರೆ ನನ್ನ ಹಾಡು ಕೆಟ್ಟಿಲ್ವಾ ಅಜ್ಜಿ?"

"ಎರಡು ಕಡೆ ಕಿರುಚಿದೆ. ಉಳಿದಿದ್ದು ಅಡ್ಡಿಯಿಲ್ಲ."

ಅವಳು ಕಣ್ಣೊರೆಸಿಕೊಂಡು, ಡೈರೆಕ್ಟರನ್ನು ಕೇಳದೇ ಸ್ಟೇಜಿಗೆ ಹೋದಳು. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ನಾವು ಮನೆಯಲ್ಲಿ ಆರತಿಗೆ ಹಾಡುವ ಮಂಗಳವನ್ನೇ ಹಾಡಿದಳು. ಹಿಂದಿನ ಸಾಲಿನ ಹೆಂಗಸರೂ ದನಿ ಸೇರಿಸಿದರು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಗಂಗಮ್ಮ ಬಸ್ಸು ಮರೆತು ನಿಂತು ಹೊಡೆದಳು.

ಮನೆಗೆ ಬರುವ ದಾರಿಯಲ್ಲಿ ಮಗ ಹೇಳಿದ್ದು ಒಂದೇ ಮಾತು. "ಆನವಟ್ಟಿಗೆ ಹೋಗೋವಾಗ ಸ್ವೆಟರ್ ತಗಂಡು ಹೋಗು. ಗಂಟಲು ಕಟ್ಟೀತು."

ಡೈರೆಕ್ಟರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಂತೆ. ಕೊನೆಯ ಎಫೆಕ್ಟ್ ಹಾಳಾಯಿತಂತೆ. ಇರಬಹುದು. ನನ್ನ ಓದು ಬಸ್ಸಿನ ಬೋರ್ಡಿನವರೆಗೆ, ಎಫೆಕ್ಟ್ ನನಗೆ ಗೊತ್ತಿಲ್ಲ. ಹಾಡಿಗೆ ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ.

ಆದರೆ ಕರೆದು ಕೂರಿಸಿ ಅಳಿಸಿದವರು, ಬಾಗಿಲ ತನಕವಾದರೂ ಬಂದು ಕಳಿಸಿಕೊಡಬೇಡವೇ?