ಮುಗಿದ ಮದುವೆಗಳ ಹಾಡು

ಪುತ್ತೂರಿನ ಸ್ಟುಡಿಯೋದವನ ಫೋನ್ ಬಂದಾಗ ನಾನು ಸುಳ್ಯದ ನನ್ನ ಅಂಗಡಿಯ ಹಿಂದೆ ಸ್ಪೀಕರ್ ಡಬ್ಬಗಳ ಧೂಳು ಹೊಡೆಯುತ್ತಿದ್ದೆ. ಅವನು ಸ್ಟುಡಿಯೋ ಮುಚ್ಚುತ್ತಿದ್ದಾನಂತೆ. ತೀರಿಹೋದ ನಮ್ಮ ಹಾಡುಗಾರನ ಕೊನೆಯ ಮೂರು ವರ್ಷದ ರೆಕಾರ್ಡಿಂಗ್ ಒಂದು ಹಾರ್ಡ್‌ಡಿಸ್ಕಿನಲ್ಲಿ ಬಿದ್ದಿದೆಯಂತೆ.

"ಎಲ್ಲಿಯೂ ಬಿಡುಗಡೆ ಆಗದ್ದು ಮಾರಾಯ್ರೆ. ನಲ್ವತ್ತರ ಹತ್ತಿರ ಹಾಡು ಉಂಟು," ಎಂದ.

ನನಗೆ ಆಗಲೇ ಸಂಶಯ ಬರಬೇಕಿತ್ತು. ಕೊನೆಯ ಮೂರು ವರ್ಷ ನಮ್ಮ ಹಾಡುಗಾರ ಹಾಡಿರಲೇ ಇಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನು ಯಾರೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕರಾವಳಿಯ ಮುಸ್ಲಿಮರು ಆಡುವ ಬ್ಯಾರಿ ಭಾಷೆಯ ಆಲ್ಬಂ ಹಾಡುಗಳಿಂದ ಮೇಲೆ ಬಂದವನು. ಪುತ್ತೂರು, ಸುಳ್ಯ, ಕಡಬದಲ್ಲಿ ಅವನ ಹಾಡು ಕೇಳಿಸದ ಜೀಪು ಇರಲಿಲ್ಲ. ಗಲ್ಫಿಗೆ ಹೋದ ನಮ್ಮೂರಿನವರ ಕೋಣೆಗಳಲ್ಲೂ ಅದೇ. ಮದುವೆಗೆ ಅವನು ಬಂದರೆ ಮದುಮಗ ಒಬ್ಬನೇ ಕುರ್ಚಿಯಲ್ಲಿ ಕೂತಿರುತ್ತಿದ್ದ, ಉಳಿದವರೆಲ್ಲ ಇವನ ಜೊತೆ ಫೋಟೋಕ್ಕೆ ನಿಲ್ಲುತ್ತಿದ್ದರು. ನಾನು ತಲೆಯ ಮೇಲೆ ಮೈಕ್ ಪೆಟ್ಟಿಗೆ ಹೊತ್ತು ಶುರು ಮಾಡಿದವನು. ಆಮೇಲೆ ಸೌಂಡ್ ಸಿಸ್ಟಂ, ಕುರ್ಚಿ ಬಾಡಿಗೆಗೆ ಇಟ್ಟೆ, ಅದರ ಜೊತೆಗೆ ಅವನ ಬುಕಿಂಗ್ ಹಿಡಿದೆ. ಹದಿನೈದು ವರ್ಷ ಅವನ ಪರವಾಗಿ ಚೌಕಾಸಿ ಮಾಡಿದ್ದು ನಾನೇ.

ಬ್ಯಾರಿಗಳಲ್ಲಿ ಮದುವೆಗೆಂದೇ ಒಂದು ಹಾಡು ಮಾಡಿಸುವ ಕ್ರಮ ಉಂಟು. ರಾಗ, ಸಂಗೀತ ಮೊದಲೇ ತಯಾರಿರುತ್ತದೆ. ಅದರೊಳಗೆ ಮದುಮಗ, ಮದುಮಗಳು, ಎರಡೂ ಕಡೆಯ ತಂದೆಯರು, ಇವರೆಲ್ಲರ ಹೆಸರು ಸೇರಿಸಿ ಹಾಡಬೇಕು. ಮದುಮಗ ಮದುವೆ ಹಾಲ್‌ನೊಳಗೆ ಕಾಲಿಡುವಾಗ ಅದನ್ನು ಹಾಕುತ್ತಾರೆ. ಆಮೇಲೆ ಒಂದು ವಾರ ಸಂಬಂಧಿಕರ ಮೊಬೈಲಿನಲ್ಲಿ ಸುತ್ತಾಡಿದರೆ ಅದರ ಕೆಲಸ ಮುಗಿಯಿತು. ಉಳಿದ ಹಾಡುಗಾರರು ಹೆಸರಿನ ಸಾಲುಗಳನ್ನು ಮಾತ್ರ ಹೊಸದಾಗಿ ಹಾಡಿ ಹಳೆಯ ಹಾಡಿಗೆ ಅಂಟಿಸುತ್ತಿದ್ದರು. ಇವನು ಮಾತ್ರ ಪ್ರತಿ ಮದುವೆಗೂ ಮೊದಲ ಸಾಲಿನಿಂದ ಕೊನೆಯವರೆಗೆ ಹಾಡುತ್ತಿದ್ದ.

"ಟೈಮ್ ವೇಸ್ಟ್ ಮಾಡುದು ನೀನು," ಎಂದು ನಾನು ಬೈಯುತ್ತಿದ್ದೆ.

"ನೀನು ಬಾಡಿಗೆಗೆ ಕೊಟ್ಟ ಕುರ್ಚಿಯಲ್ಲಿ ಯಾರು ಕೂತ್ರೂ ನಿನಗೆ ಒಂದೇ. ಇದು ಹಾಗಲ್ಲ," ಎನ್ನುತ್ತಿದ್ದ.

ಗಂಟಲಿನ ಆಪರೇಷನ್ ಆದ ಮೇಲೆ ಅವನ ದನಿ ತೆಳ್ಳಗಾಯಿತು. ಮೇಲಿನ ಸ್ವರಕ್ಕೆ ಹೋದರೆ ಸೀಳುತ್ತಿತ್ತು. ಒಪ್ಪಿಕೊಂಡಿದ್ದ ಮದುವೆಗಳೆಲ್ಲ ನನ್ನ ತಲೆಯ ಮೇಲೆ ಬಂದವು. ಮದುವೆಯ ದಿನ ಯಾರ ಗಂಟಲಿಗೂ ಕಾಯುವುದಿಲ್ಲ. ಒಂದೊಂದೇ ಮನೆಗೆ ಫೋನ್ ಮಾಡಿ, ಸಮಾಧಾನ ಹೇಳಿ, ಎಲ್ಲವನ್ನೂ ಹೊಸ ಹಾಡುಗಾರನೊಬ್ಬನಿಗೆ ದಾಟಿಸಿದೆ. ಇವನಿಗೆ, "ನೀನು ರೆಸ್ಟ್ ತಕೋ," ಎಂದೆ. "ಆಯ್ತು," ಎಂದ. ಅಷ್ಟೇ ನಮ್ಮ ಮಾತು. ಮೂರು ವರ್ಷದ ನಂತರ ಎದೆನೋವು ಬಂದು ಹೋಗಿಬಿಟ್ಟ.

ಹೊಸಬರಿಗೆ ನಾನು ಯಾವಾಗಲೂ ಹೇಳುವುದು ಒಂದೇ: ಸಾಮಾನು ನೋಡದೆ ಗಿರಾಕಿಯ ಹತ್ತಿರ ಬಾಯಿ ಬಿಡಬೇಡಿ. ಅಂದು ನಾನೇ ಬಾಯಿ ಬಿಟ್ಟೆ. ಸ್ಟುಡಿಯೋದವನ ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಮಂಗಳೂರಿನ ಒಬ್ಬನಿಗೆ ವಿಷಯ ಮುಟ್ಟಿಸಿದ್ದೆ. ಮದುವೆಯ ವೀಡಿಯೋ, ಹಾಡು ಮಾಡಿಸಿ ಕೊಡುವವನು ಅವನು.

"ಹಾಡು ಹೇಗಿದ್ರೂ ತೊಂದ್ರೆ ಇಲ್ಲ," ಎಂದ. "ಮ್ಯೂಸಿಕ್ ಇಲ್ಲದೆ ದನಿ ಮಾತ್ರ ಬೇರೆ ಉಂಟಲ್ಲ, ಅದು ಸಾಕು ನನಗೆ. ಕಂಪ್ಯೂಟರಿಗೆ ಕಲಿಸಿದ್ರೆ ಯಾವ ಹುಡುಗನ ಹೆಸರು ಕೊಟ್ರೂ ಅವ್ರೇ ಹಾಡಿದ ಹಾಗೆ ಹಾಡ್ತದೆ. ಪ್ರತಿ ಮದುವೆಗೂ ಅವ್ರ ಹೆಂಡತಿಗೆ ಒಂದು ಪಾಲು."

ಕೆಟ್ಟ ವ್ಯಾಪಾರವಲ್ಲ, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಅವನ ಹೆಂಡತಿ ನೆಲ್ಯಾಡಿಯಲ್ಲಿ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಂಡು ಮೆಷಿನ್ ತುಳಿಯುವುದನ್ನು ನಾನೇ ನೋಡಿದ್ದೇನೆ. ಆಕೆ ಒಂದು ಸಹಿ ಹಾಕಿದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ನೆಲ್ಯಾಡಿಗೆ ಹೋಗಿ ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಪುತ್ತೂರಿಗೆ ಹೊರಟೆ. ಉಪ್ಪಿನಂಗಡಿ ದಾಟುವಾಗ ಆಕೆ ಹೇಳಿದರು: "ಇದೇ ದಾರಿಯಲ್ಲಿ ಅವರು ಪ್ರತಿ ಬುಧವಾರ ಬಸ್ಸಲ್ಲಿ ಹೋಗ್ತಿದ್ರು ಅಣ್ಣ. ಸ್ಟುಡಿಯೋದಲ್ಲಿ ನೀವೇ ಕೆಲಸ ಕೊಡಿಸಿದ್ದು ಅಂತ ಹೇಳ್ತಿದ್ರು."

ನಾನು ಯಾವ ಕೆಲಸವನ್ನೂ ಕೊಡಿಸಿರಲಿಲ್ಲ. ಗೇರ್ ಬದಲಾಯಿಸಿದೆ.

ಸ್ಟುಡಿಯೋದ ಗೋಡೆಯ ಸ್ಪಂಜನ್ನು ಅರ್ಧ ಕಿತ್ತಾಗಿತ್ತು. ಮೈಕ್ ಸ್ಟ್ಯಾಂಡುಗಳನ್ನು ಹಗ್ಗದಲ್ಲಿ ಕಟ್ಟಿ ಮೂಲೆಗೆ ಒರಗಿಸಿದ್ದರು. ಸ್ಟುಡಿಯೋದವನು ಮೊದಲ ಹಾಡು ಹಾಕಿದ. ಸಂಗೀತವಿಲ್ಲ, ದನಿ ಮಾತ್ರ. ಮೊದಲ ಎರಡು ಸಾಲು ಹಳೆಯ ಹಾಗೆಯೇ ಇತ್ತು, ನನ್ನ ಮೈ ಜುಂ ಎಂದಿತು. ಮೂರನೆಯದಕ್ಕೆ ಮೇಲೆ ಹೋಗುವಾಗ ದನಿ ಬಟ್ಟೆಯ ಹಾಗೆ ಹರಿಯಿತು. ಆಮೇಲೆ ಅವನ ಮಾತು: "ಇದು ಆಗ್ಲಿಕ್ಕಿಲ್ಲ. ಇನ್ನೊಮ್ಮೆ ನೋಡುವ."

ಇನ್ನೊಮ್ಮೆ ಹಾಡಿದ. ಈ ಸಲ ಹೆಸರುಗಳವರೆಗೆ ಬಂದ. ಕಲ್ಲುಗುಂಡಿಯ ಹುಡುಗನೊಬ್ಬನ ಹೆಸರು, ಅವನ ತಂದೆಯ ಹೆಸರು. ಆ ತಂದೆಯ ಜೊತೆ ಫೋನಿನಲ್ಲಿ ಮಾತಾಡಿ ಬುಕಿಂಗ್ ಬಿಡಿಸಿದ್ದು ನಾನು. ಆ ಮದುವೆಯಲ್ಲಿ ನನ್ನದೇ ಸೌಂಡ್ ಸಿಸ್ಟಂ ಇತ್ತು, ಹೊಸ ಹಾಡುಗಾರನ ಹಾಡನ್ನು ಹಾಕಿದ್ದು ನನ್ನದೇ ಕೈ. ಎರಡನೆಯ ಫೈಲು ಕಡಬದ ಒಂದು ಮನೆಯದು. ಮೂರನೆಯದು ಪುತ್ತೂರಿನದೇ. ನಾಲ್ಕನೆಯದಕ್ಕೆ ನನಗೆ ಪೂರ್ತಿ ತಿಳಿಯಿತು. ನಾನು ದಾಟಿಸಿದ ಮದುವೆಗಳು ಒಂದೂ ಬಿಡದೆ ಆ ಫೈಲುಗಳ ಪಟ್ಟಿಯಲ್ಲಿದ್ದವು.

"ಇವರ ಮದುವೆಯೆಲ್ಲ ಮುಗಿದಿತ್ತಲ್ಲ?" ಎಂದು ಕೇಳಿದೆ.

"ನಾನೂ ಅದನ್ನೇ ಹೇಳಿದೆ ಮಾರಾಯ್ರೆ," ಎಂದ ಸ್ಟುಡಿಯೋದವನು. "ಅದಕ್ಕೆ ಅವರು, 'ಹಾಡಿ ಕೊಡ್ತೇನೆ ಅಂತ ಒಪ್ಪಿದ್ದು ನಾನಲ್ವಾ, ಸರಿಯಾಗಿ ಬಂದದ್ದನ್ನು ಮನೆಗೆ ಹೋಗಿ ಕೊಟ್ಟು ಬರ್ತೇನೆ' ಅಂತ ಹೇಳ್ತಿದ್ರು."

"ಒಂದಾದ್ರೂ ಸರಿ ಬಂತಾ?" ಆಕೆ ಕೇಳಿದರು.

"ನನಗೆ ಕೆಲವು ಸಾಕು ಅಂತ ಕಂಡಿತು. ಅವರಿಗೆ ಕಾಣ್ಲಿಲ್ಲ."

"ನನಗೆ ಒಂದು ಮಾತು ಹೇಳಬಹುದಿತ್ತು," ಎಂದೆ.

ಸ್ಟುಡಿಯೋದವನು ವಯರು ಸುತ್ತುತ್ತಾ ಹೇಳಿದ: "ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ರು."

ಅಲ್ಲಿಂದ ಹೊರಗೆ ಬಂದು ಹೋಟೆಲಿನಲ್ಲಿ ಚಾ ಕುಡಿಯುವಾಗ ನಾನು ಮಂಗಳೂರಿನವನ ಮಾತನ್ನು ಆಕೆಗೆ ಹೇಳಿದೆ. ಅಷ್ಟು ಕೇಳಿದ ಮೇಲೂ ಹೇಳಿದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಪಾಲು ಎಷ್ಟು ಕೇಳಬೇಕು, ಕರಾರು ಪತ್ರದಲ್ಲಿ ಏನೇನು ಇರಬೇಕು, ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ಲೋಟ ಖಾಲಿ ಮಾಡಿ ಕೆಳಗಿಟ್ಟರು.

"ಅಲ್ಲಣ್ಣ, ಹಾಡಿ ಕೊಡಿ ಅಂತ ಕೇಳಿದವರಿಗೇ ಅದನ್ನು ಕೊಡ್ಲಿಕ್ಕೆ ಅವರಿಗೆ ಮನಸ್ಸು ಬರ್ಲಿಲ್ಲ. ಗುರ್ತವೇ ಇಲ್ಲದವರಿಗೆ ನಾನು ಹೇಗೆ ಕೊಡುದು?"

"ನಿಮ್ಮ ಮೊಣಕಾಲು ಒಮ್ಮೆ ನೋಡಿಕೊಳ್ಳಿ."

"ಮೊಣಕಾಲು ನಂದಲ್ವಾ. ಅದನ್ನು ನಾನು ನೋಡ್ಕೊಳ್ತೇನೆ."

ಮಂಗಳೂರಿನವನು ಎರಡು ಸಲ ಬೆಲೆ ಏರಿಸಿದ. ಬೇಡ ಎಂಬ ಮಾತಿನ ಅರ್ಥ ಹೆಚ್ಚಾಗಿ ಇನ್ನಷ್ಟು ಕೊಡಿ ಎಂದೇ ಇರುತ್ತದೆ, ಅದನ್ನು ನಂಬಿ ನಾನು ಜೀವನ ಮಾಡಿದ್ದೇನೆ. ಆದರೆ ಏರಿದ ಬೆಲೆ ಹಿಡಿದುಕೊಂಡು ಪುನಃ ನೆಲ್ಯಾಡಿಗೆ ಹೋಗಲು ನನ್ನ ಕಾಲು ಏಳಲಿಲ್ಲ.

"ಮಾರ್ಲಿಕ್ಕಿಲ್ಲ," ಎಂದೆ.

"ಬೇರೆ ಯಾರಿಗೆ ಕೊಟ್ರಿ? ನಿಜ ಹೇಳಿ."

"ಯಾರಿಗೂ ಇಲ್ಲ."

"ಹಾಗಾದ್ರೆ ಎಂತ ಮಾಡುದು ಅದನ್ನು ಇಟ್ಕೊಂಡು?"

ಫೋನ್ ಇಟ್ಟೆ. ಅವನು ಬೈದುಕೊಂಡಿರಬೇಕು.

ಹಾರ್ಡ್‌ಡಿಸ್ಕ್ ಈಗ ಆಕೆಯ ಅಂಗಡಿಯ ಕಪಾಟಿನಲ್ಲಿದೆ. ಇಂಥದ್ದು ನಿಮ್ಮ ಮನೆಯಲ್ಲೂ ಇದ್ದರೆ ಕೇಳಿ: ಸುಮ್ಮನೆ ಇಟ್ಟರೆ ನಮ್ಮ ಕಡೆಯ ಮಳೆಗಾಲದ ಥಂಡಿಗೆ ಹಾಳಾಗುತ್ತದೆ. ಎರಡು ಪ್ರತಿ ಮಾಡಿಡಿ. ಕೆಲವು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಹಾಕಿ ತಿರುಗಿಸಿ. ಆಕೆಯ ಬಳಿ ಕಂಪ್ಯೂಟರ್ ಇಲ್ಲ. ಹಾಗಾಗಿ ನಾನೇ ಲ್ಯಾಪ್‌ಟಾಪ್ ಹಿಡಿದು ಹೋಗುತ್ತೇನೆ. ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಡಿಸ್ಕ್ ಅರ್ಧ ಗಂಟೆ ತಿರುಗುತ್ತದೆ. ಆಕೆ ಹೊಲಿಯುತ್ತಿರುತ್ತಾರೆ. ನಾನು ಪೇಪರ್ ಓದುತ್ತೇನೆ. ಹಾಡು ಹಾಕುವುದಿಲ್ಲ.

ಹೋದ ತಿಂಗಳು ಮಾತ್ರ ಆಕೆಯೇ ಒಂದು ಹಾಕಲು ಹೇಳಿದರು. ಕೈಗೆ ಸಿಕ್ಕಿದ್ದನ್ನು ಹಾಕಿದೆ, ಕಡಬದವರದ್ದು.

"ಇವರು ಈಗ ಎಲ್ಲಿದ್ದಾರೆ?"

"ಹುಡುಗ ಕತಾರಿನಲ್ಲಿ. ಎರಡು ಮಕ್ಕಳಿದ್ದಾರೆ."

ದನಿ ಹರಿಯುವ ಜಾಗ ಬಂದು ಹೋಯಿತು. ಆಕೆ ಮೆಷಿನ್ ನಿಲ್ಲಿಸಿ ಕೇಳಿದರು: "ನಿಮ್ಮ ಪ್ರಕಾರ ಇದನ್ನು ಕೊಡಬಹುದಿತ್ತಾ ಅಣ್ಣ?"

ಹದಿನೈದು ವರ್ಷ ನಾನು ಎಲ್ಲ ಗಿರಾಕಿಗಳಿಗೂ ಹಾಡು ಫಸ್ಟ್ ಕ್ಲಾಸ್ ಎಂದೇ ಹೇಳಿದವನು.

"ಇಲ್ಲ," ಎಂದೆ. "ಮದುವೆ ಹಾಲ್‌ನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ."

ಆಕೆ ತಲೆಯಾಡಿಸಿದರು. "ಹಾಗಾದ್ರೆ ಕಿವಿ ಸರಿಯೇ ಇತ್ತು ಅವರದ್ದು."

ಇನ್ನೊಂದು ಹಾಕಲೇ ಎಂದು ಕೇಳಿದೆ. ಬೇಡ, ಡಿಸ್ಕ್ ತಿರುಗುತ್ತಾ ಇರಲಿ, ಎಂದರು. ಹಲ್ಲಿನಲ್ಲಿ ನೂಲು ಕಡಿದು ಸೂಜಿಗೆ ಪೋಣಿಸತೊಡಗಿದರು.