ರಂಗೋಲಿಯ ಮೇಲಿನ ಹಿಮ್ಮಡ

ಅಕ್ಕನಿಗೆ ಗಂಡು ನೋಡುವಾಗ ನಮ್ಮ ಹಿರಿಯರು ಕೇಳಬೇಕಾದ್ದನ್ನೆಲ್ಲ ಕೇಳಿದ್ದರು. ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ಮನೆತನದಲ್ಲಿ ತೊನ್ನು, ಕ್ಷಯ, ಹುಚ್ಚು ಇದೆಯೋ ಎಂದು ಡಂಬಳದಿಂದ ಬೆಟಗೇರಿಯವರೆಗೆ ವಿಚಾರಿಸಿದ್ದರು. ಎತ್ತು ಕೊಳ್ಳುವಾಗ ಇದಕ್ಕಿಂತ ಹೆಚ್ಚು ನೋಡುತ್ತಿದ್ದರು. ಹಾಯುತ್ತದೆಯೇ ಎಂದು ಹತ್ತಿರ ನಿಂತು ಪರೀಕ್ಷಿಸುತ್ತಿದ್ದರು. ಗಂಡು ಶಾಲೆಯ ಮಾಸ್ತರ. ಹೊಲದಲ್ಲಿ ದುಡಿಯುವ ನಮ್ಮ ಮನೆಗೆ ಮಾಸ್ತರ ಅಳಿಯ ಬಂದನೆಂದು ಕಾಕಾ ಊರೆಲ್ಲ ಹೇಳಿಕೊಂಡು ತಿರುಗಿದ.

ಭಾವ ಹುಚ್ಚನಲ್ಲ, ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಅವನಿಗಿದ್ದದ್ದು ಸಂಶಯ. ಹಾಲಿನವನು ನಕ್ಕರೆ ಯಾಕೆ ನಕ್ಕ, ಹೆಡ್ ಮಾಸ್ತರರು ನಗದಿದ್ದರೆ ಏನು ಸಂಚು ನಡೆದಿದೆ. ಶಾಲೆಗೆಂದು ತಂಗಿಯಾದ ನಾನು ಅವರ ಮನೆಯಲ್ಲೇ ಇದ್ದೆ, ದಿನವೂ ನೋಡುತ್ತಿದ್ದೆ. ಬೆಳಿಗ್ಗೆ ಅಕ್ಕ ಹೊಸ್ತಿಲ ಮುಂದೆ ರಂಗೋಲಿ ಹಾಕುವಳು. ಸಂಜೆ ಅವನು ಬಂದವನೇ ಬಾಗಿ ಅದನ್ನು ನೋಡುವನು. ಗೆರೆ ಎಲ್ಲಿ ಅಳಿಸಿದೆ, ಯಾರ ಕಾಲು ತಾಗಿದೆ, ಒಳಗೆ ಬಂದವರು ಯಾರು? ಅಕ್ಕ ಉತ್ತರ ಕೊಟ್ಟರೆ ಸುಳ್ಳಿ, ಕೊಡದಿದ್ದರೆ ಕಳ್ಳಿ.

ಕನ್ನಡ ನಾಡೆಲ್ಲ ಒಂದಾದ ದಿನ ಓಣಿಯ ತುಂಬ ದೊಡ್ಡ ದೊಡ್ಡ ರಂಗೋಲಿ. ಶಾಲೆಯ ಮಕ್ಕಳ ಮೆರವಣಿಗೆಯ ಮುಂದೆ ಭಾವ ತಾಯಿ ಭುವನೇಶ್ವರಿಯ ಪಟ ಹಿಡಿದು ಬರಿಗಾಲಲ್ಲಿ ನಡೆದ. ನಮ್ಮ ಬಾಗಿಲಿಗೆ ಬಂದಾಗ ಅಕ್ಕ ಪಟಕ್ಕೆ ಆರತಿ ಎತ್ತಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಸಂಜೆ ಅವನು ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತ. "ಈ ಹಿಮ್ಮಡ ಯಾರದು?"

"ನಿಮ್ಮ ಸಾಲಿ ಹುಡುಗೂರು ಹಾದು ಹೋದ್ರಲ್ರಿ."

"ಹುಡುಗೂರ ಹಿಮ್ಮಡ ಇಷ್ಟ ದೊಡ್ಡದಿರ್ತೈತೇನು?"

ತಾಟಿನಲ್ಲಿದ್ದ ರೊಟ್ಟಿ ಒಣಗುವವರೆಗೂ ಅದೇ ಪ್ರಶ್ನೆ. ಕಡೆಗೆ ಅಕ್ಕ, "ಅದು ನಿಮ್ಮದ ರೀ. ಪಟಾ ಹಿಡಕೊಂಡು ನೀವ ಇಲ್ಲಿ ನಿಂತಿದ್ರಿ" ಎಂದಳು. ಸುಮ್ಮನೆ ಕಾಲಿಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಅವನು ಇಡಲಿಲ್ಲ. ತಪ್ಪು ಮುಚ್ಚಲು ನನ್ನ ಮೇಲೆ ಹಾಕುತ್ತೀಯಾ ಎಂದು ಬೇರೆ ಹೊಸದಾಗಿ ಶುರುಮಾಡಿದ. ಮರುದಿನ ಅಕ್ಕ ನನ್ನನ್ನೂ ಕರೆದುಕೊಂಡು ತವರಿಗೆ, ಡಂಬಳಕ್ಕೆ ಬಂದಳು.

"ನಾ ಹೊಳ್ಳಿ ಹೋಗೂದಿಲ್ಲಪಾ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಅಳಿಯನಿಗೆ ಹೇಳಿಕಳಿಸಿದ. ಅವನು ಗರಿಗರಿ ಧೋತರ ಉಟ್ಟು ಬಂದ, ಹೋಳಿಗೆ ಉಂಡ, ಇನ್ನು ಮುಂಬೈಯವರ ಹಂಗಿಲ್ಲ, ಮನಸ್ಸುಗಳೂ ಒಂದಾಗಬೇಕು ಎಂದು ಹಿರಿಯರಿಗೆ ತಿಳಿಸಿ ಹೇಳಿದ. ಅವರು ಬಾಯಿ ತೆರೆದು ಕೇಳಿದರು.

"ಇಂಥಾ ಶಾಣ್ಯಾ ಮನಷ್ಯಾಗ ಏನಾಗೈತಿ? ಬಡದಾನೇನು? ಹುಚ್ಚೈತೇನು?" ಎಂದ ಕಾಕಾ. "ಗಂಡ ಹೆಂಡಿರ ಜಗಳ ಉಂಡು ಮಲಗೂತನಕ. ನಡಿ ಇನ್ನ."

"ಬಡದಿದ್ರ ತೋರಸಾಕ ಒಂದು ಬಾಸುಂಡಿನಾರ ಇರತಿತ್ತು ಕಾಕಾ" ಎಂದಳು ಅಕ್ಕ.

ಅವ್ವ ಅವಳ ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬಿದಳು, ಅಪ್ಪ ಬಂಡಿ ಕಟ್ಟಿದ. ಅಂದಿನಿಂದ ಅಕ್ಕ ರಂಗೋಲಿ ಹಾಕುವುದನ್ನು ಬಿಟ್ಟಳು. ಮಾಸ್ತರನ ಹೆಂಡತಿ ಮೈಗಳ್ಳಿ ಎಂದು ಓಣಿಯ ಹೆಂಗಸರು ಆಡಿಕೊಂಡರು.

ಬಹಳ ವರ್ಷಗಳ ಮೇಲೆ, ನಿದ್ದೆ ಬಾರದ ಅಕ್ಕನನ್ನು ಮನೋವೈದ್ಯರ ಹತ್ತಿರ ಕರೆದೊಯ್ದೆ. ಎಲ್ಲ ಕೇಳಿ ಅವರು, ಭಾವನಿಗಿರುವುದನ್ನು ವ್ಯಕ್ತಿತ್ವ ದೋಷ ಅನ್ನುತ್ತಾರೆ ಎಂದರು. ಇದರಲ್ಲಿ ಹಲವು ಬಗೆ: ಎಲ್ಲರನ್ನೂ ಶಂಕಿಸುವವರು, ತನ್ನಷ್ಟು ದೊಡ್ಡವರಿಲ್ಲ ಎಂದುಕೊಂಡವರು, ಒಬ್ಬರನ್ನು ಇವತ್ತು ತಲೆಯ ಮೇಲೆ ಹೊತ್ತು ನಾಳೆ ಕಾಲಲ್ಲಿ ಒದೆಯುವವರು, ಯಾರನ್ನಾದರೂ ಅಂಟಿಕೊಳ್ಳದೆ ಬದುಕಲಾರದವರು. ಎಲ್ಲರಲ್ಲೂ ಇದು ಚೂರುಪಾರು ಇರುತ್ತದಂತೆ. ಎಲ್ಲಿ ಹೋದರೂ, ಯಾರೊಂದಿಗಿದ್ದರೂ ಅದೇ ಆಗಿ, ಬಾಳನ್ನೇ ಕೆಡಿಸಿದಾಗ ಮಾತ್ರ ದೋಷ. "ಅವರಾಗಿ ನಮ್ಮ ಹತ್ತಿರ ಬರೋದು ಕಡಿಮೆ. ಜೊತೆಗಿದ್ದವರೇ ಬರ್ತಾರೆ" ಎಂದರು ಡಾಕ್ಟರು. ಹೆಸರು ಸಿಕ್ಕಿತೆಂದು ನನಗೆ ಸಮಾಧಾನವಾಗಲಿಲ್ಲ. ಹುಚ್ಚಿಗೂ ಒಳ್ಳೆಯತನಕ್ಕೂ ನಡುವೆ ಇಷ್ಟು ಜಾಗವಿದೆ ಎಂದು ನಮ್ಮ ಹಿರಿಯರಲ್ಲಿ ಒಬ್ಬನಿಗಾದರೂ ಹೊಳೆದಿದ್ದರೆ ಅಂದು ಬಂಡಿ ಕಟ್ಟುತ್ತಿರಲಿಲ್ಲ.

ಭಾವ ಸತ್ತ. ದಿನಕರ್ಮಗಳು ಮುಗಿದ ಮೇಲೆ ಒಂದು ಮುಂಜಾನೆ ಅಕ್ಕ ಬಾಗಿಲು ಸಾರಿಸಿ, ಹಳೆಯ ರಂಗೋಲಿ ಬಟ್ಟಲು ಹುಡುಕಿ ತೆಗೆದು ಕೂತಳು. ಎದುರು ಮನೆಯಾಕೆ ಓಡಿಬಂದು ಕೈ ಹಿಡಿದಳು. "ಬ್ಯಾಡ್ರಿ ಅಕ್ಕಾರ, ಗಂಡ ಹೋದಾಕಿ ನೀವು ಹಾಕಬಾರದು. ನಾ ಹಾಕತೀನಿ ಬಿಡ್ರಿ." ಪಾಪ, ಪ್ರೀತಿಯಿಂದಲೇ ಹೇಳಿದಳು. ಅಕ್ಕ ಬಟ್ಟಲು ಕೊಟ್ಟು ಹೊಸ್ತಿಲೊಳಗೆ ನಿಂತಳು.

ನಾನು ಊರಿಗೆ ಹೊರಟಾಗ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. "ನೋಡಿ ದಾಟವಾ. ತುಳದೀ" ಎಂದಳು.

ಕೇಳುವವನು ಸತ್ತಿದ್ದ. ಆದರೂ ನಾನು ಸೀರೆ ಎತ್ತಿ ಹಿಡಿದು ದಾಟಿದೆ.